ಒತ್ತಿದ ಹಿಮ, ಮೂರು ಡಿಗ್ರಿ

ನಾನು ಇವತ್ತಿನವರೆಗೆ ಹಿಮ ಕಂಡವಳಲ್ಲ. ಹುಟ್ಟಿದ್ದು ಉಡುಪಿಯಲ್ಲಿ, ಮದುವೆಯಾಗಿ ಬಂದದ್ದು ಮಲೇಷ್ಯಾಕ್ಕೆ. ಎರಡೂ ಕಡೆ ಬೆವರು ಒರೆಸಿಕೊಂಡೇ ಜನ್ಮ ಕಳೆಯಿತು. ಹಿಮ ಎಂದರೆ ನನಗೆ ಸುಬಾಂಗ್ ಜಯಾದ ನಮ್ಮ ಮನೆಯ ಫ್ರೀಜರಿನಲ್ಲಿ ಬಂಗುಡೆಯ ಪೊಟ್ಟಣದ ಮೇಲೆ ಕೂರುವ ಬಿಳಿ ಪುಡಿ. ಅಂಥ ನಾನು ಹೊಟ್ಟೆಪಾಡಿಗೆ ಮಾಡುವುದೇನೆಂದರೆ, ಹಿಮ ಬಿದ್ದ ರನ್‌ವೇಯಲ್ಲಿ ವಿಮಾನವನ್ನು ಕ್ಷೇಮವಾಗಿ ಇಳಿಸುವುದು ಹೇಗೆ ಎಂದು ಪೈಲಟ್‌ಗಳಿಗೆ ಕಲಿಸುವುದು. ನಗುವವರು ನಗಬಹುದು. ನಗದೆಯೇ ಒಂದು ಪ್ರಶ್ನೆ ಕೇಳಿದ ಒಬ್ಬರಿಗೆ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತರಬೇತಿ ಕೇಂದ್ರ ಇರುವುದು ವಿಮಾನ ನಿಲ್ದಾಣದ ಹಿಂಬದಿಯ ಗೋದಾಮುಗಳ ಸಾಲಿನಲ್ಲಿ. ಹೊರಗಿನಿಂದ ನೋಡಿದರೆ ಅಕ್ಕಿ ಮೂಟೆ ಇಡುವ ಜಾಗ ಅನ್ನಬೇಕು. ಒಳಗೆ, ಆರು ಉಕ್ಕಿನ ಕಾಲುಗಳ ಮೇಲೆ, ಒಂದು ಕೋಣೆಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ನಿಂತಿದೆ, ಅದೇ ಸಿಮ್ಯುಲೇಟರ್. ಪೆಟ್ಟಿಗೆಯೊಳಗೆ ವಿಮಾನದ ಕಾಕ್‌ಪಿಟ್, ಕಿಟಕಿಯಾಚೆ ಪರದೆಯ ಮೇಲೆ ಆಕಾಶ, ಊರು, ರನ್‌ವೇ. ಮುಂದಿನ ಎರಡು ಸೀಟಿನಲ್ಲಿ ಪೈಲಟ್‌ಗಳು, ಅವರ ಬೆನ್ನ ಹಿಂದೆ ನನ್ನ ಕುರ್ಚಿ, ನನ್ನ ಪರದೆ. ಗಾಳಿ, ಮಂಜು, ಎಂಜಿನಿಗೆ ಬೆಂಕಿ, ಏನು ಬೇಕಾದರೂ ನಾನು ಬೆರಳಲ್ಲಿ ಒತ್ತಿ ತರಬಲ್ಲೆ. ಟವರಿನಿಂದ ಮಾತಾಡುವ ದನಿಯೂ ನನ್ನದೇ. ಇಷ್ಟು ಅಧಿಕಾರ ಒಬ್ಬರ ಕೈಗೆ ಕೊಡಬಾರದು. ನನ್ನಂಥವಳ ಕೈಗಂತೂ ಕೊಡಲೇಬಾರದು.

ಇಪ್ಪತ್ತೆರಡನೇ ವಯಸ್ಸಿಗೇ ನನ್ನ ಹತ್ತಿರ ಪೈಲಟ್ ಲೈಸೆನ್ಸ್ ಇತ್ತು. ಸೀಟು ಮಾತ್ರ ಯಾವ ಕಂಪನಿಯೂ ಕೊಡಲಿಲ್ಲ. ಮದುವೆಯಾಯಿತು. ಗಂಡ ಮಣಿಪಾಲದಲ್ಲಿ ಓದಿದವರು, ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಅವರ ಹಿಂದೆ ಬಂದ ನಾನು ಮೊದಲು ಒಂದು ಪೈಲಟ್ ಶಾಲೆಯಲ್ಲಿ ಹವಾಮಾನದ ಪಾಠ ಹೇಳಿದೆ, ಆಮೇಲೆ ಈ ಪೆಟ್ಟಿಗೆ ಸಿಕ್ಕಿತು. ಒಬ್ಬನೇ ಒಬ್ಬ ಪ್ರಯಾಣಿಕನನ್ನು ನಾನು ಎಲ್ಲಿಂದ ಎಲ್ಲಿಗೂ ಕರೆದೊಯ್ದಿಲ್ಲ. ಆ ಹೊಟ್ಟೆಯುರಿಯನ್ನು ಯಾರ ಮೇಲೆ ತೀರಿಸಿಕೊಳ್ಳುತ್ತೇನೆಂದು ಗಂಡನಿಗೂ ಗೊತ್ತು, ಪೈಲಟ್‌ಗಳಿಗೂ ಗೊತ್ತು. ಬೆನ್ನ ಹಿಂದೆ ಅವರು ನನ್ನನ್ನು ಹರಿಮೌ ಎನ್ನುತ್ತಾರೆ. ಮಲಯ ಭಾಷೆಯಲ್ಲಿ ಹುಲಿ. ಕೇಳಿಸಿಕೊಂಡು ಒಳಗೊಳಗೇ ಖುಷಿಪಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಚಾರ್ಟರ್ ಕಂಪನಿ ಚಳಿಗಾಲದಲ್ಲಿ ಜಪಾನಿನ ಹೊಕ್ಕೈಡೊ ದ್ವೀಪಕ್ಕೆ ಹಾರಾಟ ಶುರುಮಾಡಿತು. ಇಲ್ಲಿಯ ಜನಕ್ಕೆ ಹಿಮ ನೋಡುವ ಹುಚ್ಚು. ಮಕ್ಕಳು ಮರಿ ಕಟ್ಟಿಕೊಂಡು, ಸುಬಾಂಗ್‌ನ ಮಾಲಿನಲ್ಲಿ ಉಣ್ಣೆಯ ಕೋಟು ಬಾಡಿಗೆಗೆ ಹಿಡಿದು ಹೊರಡುತ್ತಾರೆ. ಕಂಪನಿಯ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಹಾರಾಟವೆಲ್ಲ ಅದೊಂದೇ ಕಡೆಗೆ ಎಂದಾದಾಗ, ಪೈಲಟ್‌ಗಳೆಲ್ಲ ನನ್ನ ಹಿಮದ ಕೋರ್ಸು ಪಾಸಾಗಬೇಕು ಎಂದು ನಿಯಮವಾಯಿತು. ಅವಕಾಶ ಎರಡು ಸಲ. ಎರಡೂ ಸಲ ಫೇಲಾದವರ ಕಾಂಟ್ರ್ಯಾಕ್ಟು ಮುಂದುವರಿಸುವುದಿಲ್ಲ ಎಂದು ಮೊದಲೇ ಬರೆದು ಕೊಟ್ಟಿದ್ದರು.

ಇಲ್ಲಿಯ ಪೈಲಟ್‌ಗಳಿಗೆ ವಿಮಾನವನ್ನು ಮೆತ್ತಗೆ ಇಳಿಸುವುದೇ ಮರ್ಯಾದೆ. ಚಕ್ರ ನೆಲ ಮುಟ್ಟಿದ್ದು ಪ್ರಯಾಣಿಕರಿಗೆ ಗೊತ್ತಾಗಬಾರದು, ಅದಕ್ಕಾಗಿ ರನ್‌ವೇ ಮೇಲೆ ತೇಲಿಸಿಕೊಂಡು ಹೋಗುತ್ತಾರೆ. ಹಿಮದಲ್ಲಿ ಹಾಗೆ ತೇಲಿಸಿದರೆ ರನ್‌ವೇ ಮುಗಿದು ಹೊಲಕ್ಕೆ ನುಗ್ಗುತ್ತೀರಿ. ಗುರುತು ಹಾಕಿದ ಜಾಗದಲ್ಲಿಯೇ ದಬಕ್ಕೆಂದು ಕುಕ್ಕಬೇಕು, ಚಕ್ರ ಹಿಮದ ಪದರವನ್ನು ಕಚ್ಚಬೇಕು, ಆಮೇಲೆ ಬ್ರೇಕಿನ ಮಾತು. "ಹೊಸ ಸೊಸೆ ತಟ್ಟೆ ಇಟ್ಟ ಹಾಗೆ ಇಡಬೇಡಿ, ಕುಕ್ಕಿ!" ಎಂದು ಇಂಗ್ಲಿಷಿನಲ್ಲಿ ಅರಚಿ ಅರಚಿ ನನ್ನ ಗಂಟಲು ಕೂತಿದೆ. ಮೂವತ್ತು ವರ್ಷ ಅನುಭವದ ಕ್ಯಾಪ್ಟನ್‌ಗಳನ್ನು ಅಳಿಸಿದ್ದೇನೆ.

ಇನ್ನೊಂದು ಪಾಠ ಅಂಕೆಯದು. ರನ್‌ವೇ ಎಷ್ಟು ಜಾರುತ್ತದೆ ಎನ್ನುವುದಕ್ಕೆ ಆರರಿಂದ ಸೊನ್ನೆಯವರೆಗೆ ಅಂಕೆ ಕೊಡುತ್ತಾರೆ. ಆರು ಎಂದರೆ ಒಣ ನೆಲ. ಯಂತ್ರದಿಂದಲೋ ಚಕ್ರದಿಂದಲೋ ಒತ್ತಿ ಗಟ್ಟಿಯಾದ ಹಿಮಕ್ಕೆ ಸಾಮಾನ್ಯವಾಗಿ ಮೂರು, ಹುಷಾರಾಗಿ ಇಳಿಯಬಹುದು. ಸೊನ್ನೆ ಎಂದರೆ ಇಳಿಯುವ ಮಾತೇ ಇಲ್ಲ, ವಾಪಸು ಹೋಗಿ. ಒತ್ತಿದ ಹಿಮ ಬಿಸಿಲಿಗೆ ಕರಗತೊಡಗಿ ಅದರ ಮೇಲೆ ನೀರು ನಿಂತರೆ ಮೂರು ಇದ್ದದ್ದು ನೇರ ಸೊನ್ನೆಗೆ ಬೀಳುತ್ತದೆ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಆ ವರ್ಷದ ತಂಡದಲ್ಲಿ ಗದಗದ ಕಡೆಯ ಒಬ್ಬ ಮುಸ್ಲಿಂ ಕ್ಯಾಪ್ಟನ್ ಬಂದರು. ಐವತ್ತೆಂಟು ವಯಸ್ಸು, ಬೆಳ್ಳಗಾದ ಮೀಸೆ, ಸದಾ ಇಸ್ತ್ರಿ ಮಾಡಿದ ಅಂಗಿ. ಕನ್ನಡದವಳೆಂದು ಗೊತ್ತಾದದ್ದೇ ಮುಖ ಅರಳಿಸಿ "ಅಕ್ಕಾರ" ಎಂದು ಕರೆಯತೊಡಗಿದರು. ಅವರ ಕಡೆ ಶಾಲೆಯ ಟೀಚರಿಗೆ ಹಾಗೆನ್ನುತ್ತಾರಂತೆ, ವಯಸ್ಸು ಎಷ್ಟೇ ಇರಲಿ. ಮೊದಲ ದಿನ, ತಂಡದ ಉಳಿದ ಏಳು ಜನ ಪೈಲಟ್‌ಗಳ ಎದುರಿಗೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಅವರು ಕೇಳಿದರು:

"ಅಕ್ಕಾರ, ಹಿಮದಾಗ ನೀವು ಎಷ್ಟು ಸಲ ಇಳಿಸೀರಿ?"

ಕನ್ನಡದಲ್ಲಿ ಕೇಳಿದ್ದರಿಂದ ಉಳಿದವರಿಗೆ ಅರ್ಥವಾಗಲಿಲ್ಲ. ನಾನು ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಮುಖ ಕೆಂಪಾದದ್ದು ನೋಡಿ ಪಕ್ಕದವನು ಏನೆಂದು ಕೇಳಿದ, ಇವರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಎಂಟೂ ಜನ ನನ್ನತ್ತ ನೋಡಿದರು. "ಒಂದು ಸಲವೂ ಇಲ್ಲ," ಎಂದೆ. "ನೀವು?"

"ಶ್ರೀನಗರದಾಗ ಹನ್ನೊಂದು ಚಳಿಗಾಲ ಹಾರಿಸೀನ್ರಿ," ಎಂದರು ಅವರು, ಏನೋ ತಪ್ಪು ಮಾಡಿದವರ ಹಾಗೆ.

ಆ ಮಧ್ಯಾಹ್ನದಿಂದಲೇ ನನ್ನ ಕ್ಲಾಸಿನ ಪ್ರಶ್ನೆಗಳೆಲ್ಲ ಎದುರುಗಡೆಯ ಮಾಮಕ್ ಅಂಗಡಿಯ, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಯ, ಮೇಜಿಗೆ ವರ್ಗವಾದವು. ಚಹಾ ಕುಡಿಯುವ ನೆಪದಲ್ಲಿ ಏಳು ಜನ ಅವರನ್ನು ಸುತ್ತಿಕೊಂಡು ಕೂರುವುದು, ಅವರು ಪರೋಟದಂಥ ರೊಟ್ಟಿ ಚನಾಯ್ ತಟ್ಟೆಯನ್ನೇ ರನ್‌ವೇ ಮಾಡಿ ಬೆರಳಿನಲ್ಲಿ ತೋರಿಸುವುದು, ನಾನು ಗಾಜಿನ ಕಿಟಕಿಯಿಂದ ಅದನ್ನು ನೋಡುತ್ತ ನಿಲ್ಲುವುದು. ನನ್ನ ಮೈಯೆಲ್ಲ ಉರಿಯಿತು. ಇವರಿಗೆ ಬುದ್ಧಿ ಕಲಿಸದಿದ್ದರೆ ನಾನು ನಾನಲ್ಲ ಅಂದುಕೊಂಡೆ. ಅಂದುಕೊಂಡದ್ದು ಅಷ್ಟು ಸ್ಪಷ್ಟವಾಗಿಯೇ.

ಮೊದಲ ಪರೀಕ್ಷೆಯಲ್ಲಿ ಅವರು ಇಳಿಸಿದ್ದನ್ನು ನೋಡಬೇಕಿತ್ತು. ಅಡ್ಡಗಾಳಿ ಕೊಟ್ಟೆ, ಹಾರುವ ಹಿಮ ಕೊಟ್ಟೆ. ಹಿಮ ಅಡ್ಡಡ್ಡ ಹಾರುತ್ತಿದ್ದರೆ ವಿಮಾನವೇ ಪಕ್ಕಕ್ಕೆ ಸರಿಯುತ್ತಿದೆ ಎಂದು ಕಣ್ಣಿಗೆ ಭ್ರಮೆಯಾಗುತ್ತದೆ. ಹತ್ತರಲ್ಲಿ ಒಂಬತ್ತು ಜನ ಬೆದರಿ ತಿರುಗಿಸುತ್ತಾರೆ. ಇವರು ಅಲುಗಲಿಲ್ಲ. ನಡುಗೆರೆಯ ಮೇಲೆ ಕುಕ್ಕಿದರು, ನಿಲ್ಲಿಸಿದರು. ಆದರೆ ಪುಸ್ತಕದ ಪ್ರಕಾರ ಬ್ರೇಕಿನ ಸ್ಥಿತಿಯನ್ನು ಬಾಯಿಬಿಟ್ಟು ಕೂಗಿ ಹೇಳಬೇಕು. ಅವರು ಎರಡು ಕಡೆ ಕೂಗಲಿಲ್ಲ, ಬರೀ ತಲೆಯಾಡಿಸಿದರು. ಫೇಲ್ ಎಂದು ಬರೆದೆ.

ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದಾಗ ಗಂಡ ಕೇಳಿದ್ದು ಎರಡೇ ಪ್ರಶ್ನೆ.

"ಅವ್ರು ಇಳಿಸಿದ್ರಾ ಇಲ್ವಾ?"

"ಇಳಿಸಿದ್ರು."

"ಮತ್ತೆಂಥ ನಿಂದು?"

"ನಿಮ್ಮ ಕಾಲೇಜಿನ ಪರೀಕ್ಷೆ ನೀವು ನೋಡಿಕೊಳ್ಳಿ," ಎಂದು ಪಾತ್ರೆ ಕುಕ್ಕಿದೆ. ಅವರು ಮಜ್ಜಿಗೆ ಸುರಿದುಕೊಂಡು ಉಂಡರು.

ಎರಡನೆಯ ಪರೀಕ್ಷೆಗೆ ನಾಲ್ಕು ದಿನ ಮೊದಲು ಕ್ಯಾಪ್ಟನ್ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಿಂದ ತಂದ ಜೋಳದ ಹಿಟ್ಟಿನ ಒಂದು ಚೀಲ, ನನಗೆಂದೇ. ಕುಳಿತುಕೊಳ್ಳಿ ಎಂದು ನಾನು ಹೇಳಲಿಲ್ಲ. ನಿಂತುಕೊಂಡೇ ಮಾತಾಡಿದರು.

"ಇದು ಕಡೀ ಚಾನ್ಸ್ ಐತ್ರಿ ಅಕ್ಕಾರ. ಇಲ್ಲಿ ಬಿಟ್ರ ಈ ವಯಸ್ಸಿನಾಗ ಯಾವ ಕಂಪನಿಯವ್ರೂ ನನ್ನ ತಗೊಳೂದಿಲ್ಲ. ಮಗಳದು ಕಾಲೇಜು ಇನ್ನೂ ಒಂದು ವರ್ಷ ಐತಿ, ಎಲ್ಲಾರ ವೀಸಾ ನನ್ನ ಕೆಲಸದ ಮ್ಯಾಲೇ ಐತಿ. ಅದನ್ನ ಹ್ಯಾಂಗರ ನೋಡ್ಕೊಳ್ತೀನಿ. ಆದ್ರ ವಿಮಾನ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ರಿ. ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊರಿ. ಹ್ಯಾಂಗ ಕೂಗ್ಬೇಕು ಹೇಳ್ರಿ, ಹಂಗ ಕೂಗ್ತೀನಿ."

ಐವತ್ತೆಂಟರ ಗಂಡಸು ಹೀಗೆ ಮಾತಾಡಿದರೆ ಕಲ್ಲೂ ಕರಗಬೇಕು. ನನಗಾದದ್ದು ತೃಪ್ತಿ. ಚೀಲವನ್ನು ಅವರತ್ತಲೇ ತಳ್ಳಿ ಹೇಳಿದೆ: "ಪುಸ್ತಕ ಉಂಟಲ್ಲ ಕ್ಯಾಪ್ಟನ್, ಓದಿ. ಇದು ಮದುವೆ ಮನೆ ಅಲ್ಲ, ಗುರ್ತದವರಿಗೆ ಮೊದಲ ಪಂಕ್ತಿ ಹಾಕ್ಲಿಕ್ಕೆ."

"ಹಂಗ್ ಕೇಳಾಕ ಬಂದಿಲ್ರಿ," ಎಂದರು. ಚೀಲ ಎತ್ತಿಕೊಂಡು ಹೋದರು.

ಎರಡನೆಯ ಪರೀಕ್ಷೆ ಇದ್ದದ್ದು ಬೆಳಿಗ್ಗೆ ಹತ್ತಕ್ಕೆ. ಎಡ ಸೀಟಿನಲ್ಲಿ ಅವರು, ಬಲ ಸೀಟಿನಲ್ಲಿ ಇಪೋ ಊರಿನ ಒಬ್ಬ ತಮಿಳು ಕೋ-ಪೈಲಟ್. ಮೂವತ್ತರ ಮೇಲಿನ ವಯಸ್ಸು, ಪುಟ್ಟ ಮಗಳೊಬ್ಬಳಿದ್ದಳು. ಅವನಿಗೂ ಅಂದೇ ಪರೀಕ್ಷೆ. ನಾನು ಬೇಗ ಬಂದು ನನ್ನ ಪರದೆಯಲ್ಲಿ ದಿನದ ಹವೆಯನ್ನು ತುಂಬಿಸಿದೆ. ರನ್‌ವೇ: ಒತ್ತಿದ ಹಿಮ. ಜಾರುವ ಅಂಕೆ: ಮೂರು. ಉಷ್ಣತೆ: ಮೈನಸ್ ಮೂರು.

ಹಾಗೆಂದು ನಾನು ಅಂದುಕೊಂಡಿದ್ದೆ. ನಿಜಕ್ಕೂ ನನ್ನ ಬೆರಳು ಒತ್ತಿದ್ದು ಬರೀ ಮೂರು. ಎಷ್ಟೋ ವರ್ಷಗಳಿಂದ ಆ ಚೌಕದಲ್ಲಿ ನಾನು ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು ಎಂದು ತುಂಬಿಸಿದವಳು. ಈ ದೇಶದ ಹವೆಗೆ ಮೈನಸ್ ಬೇಕಾಗುವುದೇ ಇಲ್ಲ. ಚಳಿಯ ಊರಿನ ಟೀಚರಾಗಿದ್ದರೆ ಆ ಗುಂಡಿಯನ್ನು ಕೈಯೇ ತಾನಾಗಿ ಹುಡುಕುತ್ತಿತ್ತು. ಪರದೆಯಲ್ಲಿ ಮೂರು ಎಂದು ಕಂಡದ್ದನ್ನು ನನ್ನ ತಲೆ ಮೈನಸ್ ಮೂರು ಎಂದೇ ಓದಿಕೊಂಡಿತು. ಯಂತ್ರಕ್ಕೇನು, ಹಿಮವನ್ನೂ ಬಿಸಿಯನ್ನೂ ಬೇರೆ ಬೇರೆ ಚೌಕದಲ್ಲಿ ಕೇಳುತ್ತದೆ. ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ಎಂದು ನೋಡುವುದಿಲ್ಲ.

ವಿಮಾನ ಮೋಡದಿಂದ ಕೆಳಗಿಳಿಯಿತು. ಅವರು ಈ ಸಲ ಪ್ರತಿಯೊಂದನ್ನೂ ಕೂಗಿ ಕೂಗಿ ಹೇಳುತ್ತಿದ್ದರು, ಶಾಲೆಯ ಹುಡುಗರು ಮಗ್ಗಿ ಒಪ್ಪಿಸುವ ಹಾಗೆ. ಆಮೇಲೆ ಮಾಪಕದತ್ತ ಬಗ್ಗಿ ನೋಡಿದರು. ಟವರನ್ನು ಕರೆದು, ರನ್‌ವೇಯ ವರದಿ ಯಾವಾಗಿನದು, ಉಷ್ಣತೆ ಎಷ್ಟು, ಇನ್ನೊಮ್ಮೆ ಖಚಿತಪಡಿಸಿ ಎಂದರು. ಟವರ್ ಎಂದರೆ ನಾನು. ಹೇಳಿದ್ದನ್ನೇ ಮತ್ತೆ ಕೇಳುತ್ತಾರಲ್ಲ ಎಂದು ಸಿಟ್ಟು ಬಂತು. "ವರದಿಯಲ್ಲಿ ಇದ್ದಂತೆಯೇ, ಮುಂದುವರಿಸಿ," ಎಂದೆ. ಅವರು ಇನ್ನೊಮ್ಮೆ ಕೇಳಿದರು. ನಾನು ಉತ್ತರ ಕೊಡಲಿಲ್ಲ.

"ಗೋಯಿಂಗ್ ಅರೌಂಡ್," ಎಂದರು. ಎಂದರೆ, ಇಳಿಸುವುದಿಲ್ಲ, ಮತ್ತೆ ಮೇಲಕ್ಕೆ ಹೋಗುತ್ತೇನೆ. ಎಂಜಿನುಗಳು ಮೊರೆದವು, ಪೆಟ್ಟಿಗೆ ಹಿಂದಕ್ಕೆ ವಾಲಿತು.

ನಾನು ಗುಂಡಿ ಒತ್ತಿ ವಿಮಾನವನ್ನು ಗಾಳಿಯಲ್ಲಿಯೇ ನಿಲ್ಲಿಸಿದೆ. "ಎಂಥದು ಇದು ಕ್ಯಾಪ್ಟನ್? ರನ್‌ವೇ ಕಾಣ್ತಾ ಉಂಟು, ಅಂಕೆ ಮೂರು ಉಂಟು. ಹೆದರಿಕೆ ಆಯ್ತಾ?"

"ಹೆದರಿಕಿ ಅಲ್ರಿ ಅಕ್ಕಾರ. ಮೂರು ಡಿಗ್ರಿ ಬಿಸಿ ಐತಿ. ಒತ್ತಿದ ಹಿಮ ಕರಗಿ ಮ್ಯಾಲೆ ನೀರು ನಿಂತಿರ್ತೈತಿ. ಅದು ಮೂರಲ್ರಿ, ಸೊನ್ನಿ. ನಾ ಇಳಸಂಗಿಲ್ಲ."

"ಅದು ಮೈನಸ್ ಮೂರು. ಕನ್ನಡಕ ಹಾಕಿ ನೋಡಿ."

"ಪ್ಲಸ್ ಐತ್ರಿ. ಇಲ್ಲಿ ಬರ್ರಿ, ನೋಡ್ರಿ."

ನಾನು ಎದ್ದು ಎರಡು ಹೆಜ್ಜೆ ಮುಂದೆ ಹೋಗಿ ಅವರ ಮುಂದಿನ ಮಾಪಕ ನೋಡಿದ್ದರೆ ಸಾಕಿತ್ತು. ಏಳಲಿಲ್ಲ. ಅವರು ಬಾ ಅಂದಲ್ಲಿಗೆ ನಾನು ಹೋಗುವುದೇ? ಕೂತಲ್ಲಿಂದಲೇ ಬಲ ಸೀಟಿನವನನ್ನು ಕೇಳಿದೆ, ಅಲ್ಲಿ ಎಷ್ಟು ತೋರಿಸುತ್ತಿದೆ ಎಂದು. ಅವನು ಮಾಪಕ ನೋಡಿದ. ತಿರುಗಿ ನನ್ನ ಮುಖ ನೋಡಿದ.

"ಥ್ರೀ, ಮ್ಯಾಮ್," ಎಂದ. ಅಷ್ಟೇ, ಪ್ಲಸ್ ಎಂದೂ ಇಲ್ಲ, ಮೈನಸ್ ಎಂದೂ ಇಲ್ಲ.

"ಕೇಳಿದ್ರಲ್ಲ," ಎಂದೆ ನಾನು. ಕ್ಯಾಪ್ಟನ್ ಅವನನ್ನು ಒಮ್ಮೆ ನೋಡಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಅಲ್ಲಿಗೂ ನನಗೆ ಸಾಕಾಗಲಿಲ್ಲ. ವಿಮಾನವನ್ನು ಹಿಂದಕ್ಕೆ ಒಯ್ದು, ಅದೇ ಹವೆಯಲ್ಲಿ, ಅದೇ ರನ್‌ವೇಗೆ ಇಳಿಸಿ ತೋರಿಸು ಎಂದು ಕೋ-ಪೈಲಟ್‌ಗೆ ಹೇಳಿದೆ. ಅವನು ಇಳಿಸಿದ. ಯಂತ್ರಕ್ಕೆ ನಾನು ಕೊಟ್ಟಿದ್ದ ಅಂಕೆ ಮೂರು, ಹಾಗಾಗಿ ಅದು ಮೂರರಂತೆಯೇ ಬ್ರೇಕು ಹಿಡಿಯಿತು. ರನ್‌ವೇ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅರವತ್ತರ ಹತ್ತಿರದ ಮನುಷ್ಯ ಪಕ್ಕದಲ್ಲಿ ಕೈ ಕಟ್ಟಿ ಕೂತಿರುವಾಗ ಚಪ್ಪಾಳೆ ತಟ್ಟಿದೆ. "ನೋಡಿದ್ರಾ ಕ್ಯಾಪ್ಟನ್, ಹೀಗೆ ಇಳಿಸುವುದು," ಎಂದೂ ಹೇಳಿದೆ.

ಪರೀಕ್ಷೆಯ ನಂತರ ಪಕ್ಕದ ಕೋಣೆಯಲ್ಲಿ ಕೂತು ತಪ್ಪುಗಳನ್ನು ಹೇಳಿ, ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಮಾಡುವುದು ಕ್ರಮ. ನಾನು ಎರಡು ತಪ್ಪು ಬರೆದೆ. ಒಂದು, ಕಾರಣವಿಲ್ಲದೆ ಇಳಿಸಲು ನಿರಾಕರಿಸಿದ್ದು. ಎರಡು, ಉಷ್ಣತೆಯ ಮಾಪಕವನ್ನು ತಪ್ಪಾಗಿ ಓದಿದ್ದು. ಎರಡನೆಯದನ್ನು ಬರೆಯುವಾಗ ಅವರು ಮೇಜಿನ ಮೇಲೆ ಅಂಗೈ ಊರಿ, "ಅಕ್ಕಾರ, ಯಂತ್ರದ ಕಾಗದ ತೆಗಿಸಿ ನೋಡ್ರಿ, ಒಂದ ನಿಮಿಷದ ಕೆಲಸ," ಎಂದರು.

"ನನಗೆ ಯಂತ್ರ ಕಲಿಸ್ಬೇಡಿ. ಸಹಿ ಹಾಕಿ."

ಅವರು ಸಹಿ ಹಾಕಿದರು. ನಿಮ್ಮ ಮಾತೇನಾದರೂ ಇದ್ದರೆ ಬರೆಯಿರಿ ಎಂಬ ಜಾಗವನ್ನು ಖಾಲಿ ಬಿಟ್ಟರು. ಬರೆಯಲಿಕ್ಕೆ ಮುಖ ಇಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಹೋಗುವಾಗ ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ನಾನು ಕಾಗದದಿಂದ ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಟೆಕ್ನಿಶಿಯನ್ ದಿನದ ಕಾಗದಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಪ್ರತಿ ಪರೀಕ್ಷೆಯಲ್ಲಿ ನಾನು ಒತ್ತಿದ ಒಂದೊಂದು ಗುಂಡಿಯ ಲೆಕ್ಕವೂ ಅದರಲ್ಲಿ ಮುದ್ರಿತವಾಗಿರುತ್ತದೆ. ಸಾಮಾನ್ಯವಾಗಿ ನಾನು ನೋಡುವುದಿಲ್ಲ. ಅಂದು ನೋಡಿದೆ. ಮೂರನೆಯ ಸಾಲಿನಲ್ಲಿತ್ತು: ಉಷ್ಣತೆ, ಪ್ಲಸ್ ಮೂರು.

ಅಯ್ಯೋ ದೇವರೇ ಎಂದು ಜೋರಾಗಿಯೇ ಅಂದೆ. ಟೆಕ್ನಿಶಿಯನ್ ತಿರುಗಿ ನೋಡಿದ. ಏನಿಲ್ಲ, ಊಟಕ್ಕೆ ಹೋಗು ನೀನು, ತಣ್ಣಗಾಗುತ್ತದೆ ಎಂದೆ.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಅವರು ಮಾಡಿದ್ದು ಸರಿ. ಸರಿ ಮಾತ್ರವಲ್ಲ, ಆ ಎಂಟು ಜನರಲ್ಲಿ ಅಂಥ ಹಿಮವನ್ನು ಕಣ್ಣಾರೆ ಕಂಡಿದ್ದ ಒಬ್ಬರೇ ಒಬ್ಬರಿಗೆ ಮಾತ್ರ ಅಷ್ಟು ಬೇಗ ಹೊಳೆಯುವಂಥದ್ದು. ನೂರಕ್ಕೆ ನೂರು ಕೊಡಬೇಕಿತ್ತು. ಫಲಿತಾಂಶದ ಹಾಳೆ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು. ಸಂಜೆ ಐದರೊಳಗೆ ಕಂಪನಿಗೆ ಕಳಿಸಬೇಕು. ಹರಿದು ಹಾಕಿ, ಪರೀಕ್ಷಕರ ತಪ್ಪಿನಿಂದ ಪರೀಕ್ಷೆ ರದ್ದು ಎಂದು ಒಂದು ಸಾಲು ಬರೆದರೆ ಮುಗಿಯಿತು. ಅದಕ್ಕೆ ಬೇರೆ ಫಾರಮ್ಮೇ ಇದೆ. ತೆಗೆದೆ ಕೂಡ. ತಾರೀಕು ಬರೆದೆ.

ಆಮೇಲೆ ಮಾಮಕ್ ಅಂಗಡಿಯ ಮೇಜು ನೆನಪಾಯಿತು. ಹಿಮ ಕಾಣದ ಹೆಂಗಸು, ಮೈನಸ್ ಒತ್ತಲಿಕ್ಕೂ ಬಾರದವಳು ಎಂದು ಆ ಏಳು ಜನ ಹೊಟ್ಟೆ ಹಿಡಿದು ನಗುವುದು ಕಿವಿಗೆ ಬಂತು. ನನ್ನ ಕೆಲಸ ಹೋಗುತ್ತಿರಲಿಲ್ಲ, ಆ ಹೆದರಿಕೆ ಇತ್ತು ಎಂದು ಸುಳ್ಳು ಹೇಳಲಾರೆ. ಒಂದು ಬೈಗುಳದ ಪತ್ರ ಬರುತ್ತಿತ್ತು, ಅಷ್ಟೇ. ಆ ನಗುವಿಗೆ ಹೆದರಿ ನಾನು ಫಾರಮ್ಮನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹಾಳೆಯನ್ನು ಐದಕ್ಕೆ ಹದಿನೈದು ನಿಮಿಷ ಇರುವಾಗ ಕಳಿಸಿದೆ.

ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಹೆಂಡತಿಯನ್ನು ಕರೆದುಕೊಂಡು ಗದಗಕ್ಕೆ ಹೋದರಂತೆ, ಮಗಳು ಹಾಸ್ಟೆಲಿಗೆ ಸೇರಿದಳಂತೆ. ಇದನ್ನೆಲ್ಲ ದೀಪಾವಳಿಯ ಊಟಕ್ಕೆ ಸೇರಿದ್ದ ಕನ್ನಡದವರಿಂದ ಕೇಳಿದೆ, ಕೇಳಿ "ಪಾಪ" ಎಂದೆ. ನನ್ನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದರೆ, ಪಕ್ಕದಲ್ಲಿದ್ದ ಗಂಡ ತಿರುಗಿ ನೋಡಿದರು. ಪ್ಲಸ್ ಮೂರರ ಸಂಗತಿಯನ್ನು ಅವರಿಗೆ ನಾನು ಹೇಳಿರಲಿಲ್ಲ.

ನಿದ್ದೆ ಕೆಡಿಸಿದ್ದು ಅದಲ್ಲ. ಹೇಳಿಬಿಡುತ್ತೇನೆ, ಅವರ ಬಗ್ಗೆ ನಾನು ಹೆಚ್ಚು ದಿನ ಕೊರಗಲಿಲ್ಲ. ಡಿಸೆಂಬರಿನಲ್ಲಿ ಹಾರಾಟ ಶುರುವಾದಾಗ ಮಾತ್ರ ನಿದ್ದೆ ಹೋಯಿತು. ಬಲ ಸೀಟಿನ ಆ ಕೋ-ಪೈಲಟ್ ಪಾಸಾಗಿದ್ದ. ಒತ್ತಿದ ಹಿಮ, ಮೂರು ಡಿಗ್ರಿ ಬಿಸಿ, ಮೇಲೆ ನೀರು. ಅದರಲ್ಲಿ ಆರಾಮಾಗಿ ಇಳಿಸಬಹುದು ಎಂದು ಚಪ್ಪಾಳೆ ತಟ್ಟಿ ಕಲಿಸಿದವಳು ನಾನು. ಅವನ ಬೆನ್ನ ಹಿಂದೆ ಈಗ ನೂರೈವತ್ತಕ್ಕೂ ಮಿಕ್ಕಿ ಜನ, ಬಾಡಿಗೆ ಕೋಟು ಹಾಕಿಕೊಂಡ ಮಕ್ಕಳು. ಒಂದು ಫೋನ್ ಮಾಡಿ, ಅಂದು ನಾನು ಹೇಳಿದ್ದು ತಪ್ಪು ಎಂದರೆ ಸಾಕು. ಹಾಗೆ ಹೇಳಿದ ಕೂಡಲೇ ಉಳಿದದ್ದನ್ನೂ ಹೇಳಬೇಕಾಗುತ್ತದೆ.

ಹೇಳಲಿಲ್ಲ. ಬದಲಿಗೆ ನನ್ನ ಫೋನಿನಲ್ಲಿ ಸುಬಾಂಗ್ ಜಯಾದ ಹವೆಯ ಕೆಳಗೆ ಹೊಕ್ಕೈಡೊದ ಹವೆಯನ್ನೂ ಹಾಕಿಕೊಂಡೆ. ಬೆಳಿಗ್ಗೆ ಎದ್ದದ್ದೇ ಅದನ್ನು ನೋಡುವುದು. ಮೈನಸ್ ಎಂಟು ಇದ್ದರೆ ಹೊಟ್ಟೆತುಂಬ ದೋಸೆ ತಿನ್ನುತ್ತಿದ್ದೆ. ಮೈನಸ್ ಒಂದು ಎಂದರೆ ಚಹಾ ಕೂಡ ಇಳಿಯುತ್ತಿರಲಿಲ್ಲ. "ವೈ ಆರ್ ಯು ಆಲ್ವೇಸ್ ಚೆಕಿಂಗ್ ದಟ್?" ಎಂದು ಮಗಳು ಕೇಳಿದ್ದಕ್ಕೆ, ರಜೆಗೆ ಅಲ್ಲಿಗೆ ಹೋಗುವ ಯೋಚನೆ ಉಂಟು ಎಂದು ಸುಳ್ಳು ಹೇಳಿದೆ. ಅವಳು ಕುಣಿದಾಡಿದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಅಲ್ಲಿ ಪ್ಲಸ್ ಮೂರು ಇತ್ತು. ಹಿಂದಿನ ದಿನವೆಲ್ಲ ಹಿಮ ಸುರಿದಿತ್ತು ಎಂದೂ ಇತ್ತು. ಕಂಪನಿಗೆ ಫೋನ್ ಮಾಡಿ ಅಂದಿನ ಪೈಲಟ್‌ಗಳು ಯಾರು ಎಂದು ಕೇಳಿದೆ, ಅವನೇ. ಇನ್ನೂ ಮನೆಯಿಂದ ಹೊರಟಿರಲಿಲ್ಲ. ಅವನಿಗೆ ಫೋನ್ ಹಚ್ಚಿದೆ. ಹಚ್ಚುವಾಗಲೂ ಸುಳ್ಳನ್ನು ಸಿದ್ಧ ಮಾಡಿಕೊಂಡೇ ಇದ್ದೆ ನೋಡಿ: ಹೊಸ ಸುತ್ತೋಲೆ ಬಂದಿದೆ, ಒತ್ತಿದ ಹಿಮದ ಮೇಲೆ ನೀರಿದ್ದರೆ ಇಳಿಸಕೂಡದೆಂದು ಎಲ್ಲರಿಗೂ ನೆನಪಿಸುತ್ತಿದ್ದೇನೆ ಎಂದೆ.

ಅವನು ಇಂಗ್ಲಿಷಿನಲ್ಲಿ, ತನ್ನ ಊರಿನ ಧಾಟಿಯಲ್ಲಿ ಹೇಳಿದ: "ಗೊತ್ತು ಲಾ, ಮ್ಯಾಮ್. ಆ ದಿನ ಸಂಜೆಯೇ ಕ್ಯಾಪ್ಟನ್ ನಮ್ಮ ಮನೆಗೆ ಬಂದಿದ್ದರು."

ಅವನೇ ಮುಂದುವರಿಸಿದ. ಕ್ಯಾಪ್ಟನ್ ಬರುವಾಗ ಅಂಗಡಿಯಿಂದ ಐಸ್ ಕಚಾಂಗ್ ಎಂಬ ಐಸಿನ ಸಿಹಿ ಎರಡು ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರಂತೆ. ಸಿರಪ್ಪು ಬೇಡ, ಕಾಳು ಬೇಡ, ಬರೀ ಹೆರೆದ ಮಂಜುಗಡ್ಡೆ ಕೊಡು ಎಂದಿದ್ದಕ್ಕೆ ಅಂಗಡಿಯವನು ನಕ್ಕನಂತೆ. ಅದನ್ನು ಊಟದ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಅಂಗೈಯಿಂದ ಒತ್ತಿ ಗಟ್ಟಿಮಾಡಿ, ಇವನ ಮಗಳ ಆಟಿಕೆಯ ಕಾರನ್ನು ದೂಡಿದರಂತೆ. ಕಾರು ನಡುವೆ ನಿಂತಿತು. ಸ್ವಲ್ಪ ಹೊತ್ತು ಕರಗಲು ಬಿಟ್ಟು, ಮೇಲೆ ನೀರು ಮೂಡಿದ ಮೇಲೆ ಅಷ್ಟೇ ಬಲದಲ್ಲಿ ದೂಡಿದರಂತೆ. ಕಾರು ತಟ್ಟೆ ದಾಟಿ ನೆಲಕ್ಕೆ ಬಿತ್ತು. "ಎರಡು ಗಂಟೆ ಕಲಿಸಿದರು, ಮ್ಯಾಮ್. ಊಟ ಮಾಡಿ ಎಂದರೆ ಮಾಡಲಿಲ್ಲ."

ಆಮೇಲೆ ಅವನ ದನಿ ಸಣ್ಣಗಾಯಿತು. "ಆ ದಿನ ಪ್ಲಸ್ ಇದ್ದದ್ದು ನನಗೂ ಕಂಡಿತ್ತು, ಮ್ಯಾಮ್. ನನಗೆ ಪಾಸ್ ಬೇಕಿತ್ತು. ಅವರ ಕಾಲು ಹಿಡಿದು ಅತ್ತೆ. ಬಿಡು, ಮೊದಲು ಇದನ್ನು ಕಲಿ ಎಂದರು."

ಅವನ ಅಳು, ಅವನ ತಪ್ಪು ನನಗೆ ಬೇಕಿರಲಿಲ್ಲ. ನನಗೆ ಬೇಕಾದದ್ದು ಒಂದೇ ಒಂದು ಸಂಗತಿ. ನಾಚಿಕೆಬಿಟ್ಟು ಕೇಳಿದೆ: "ನನ್ನ ಬಗ್ಗೆ ಏನು ಹೇಳಿದರು?"

"ನಿಮ್ಮ ಬಗ್ಗೆಯಾ?" ಅವನು ಯೋಚಿಸಿದ. "ಏನೂ ಹೇಳಲಿಲ್ಲ, ಮ್ಯಾಮ್. ಹಿಮದ ಬಗ್ಗೆ ಮಾತ್ರ."

ಫೋನ್ ಇಟ್ಟ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು. ಬೈದಿದ್ದರೆ, ಶಾಪ ಹಾಕಿದ್ದರೆ, ಆ ರಂಡೆ ಎಂದು ಒಂದು ಮಾತು ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ, ತಿರುಗಿ ಬೈಯುತ್ತಿದ್ದೆ. ಕೆಲಸಕ್ಕೆ ಕುತ್ತು ಬಂದ ದಿನವೇ ಎರಡು ಗಂಟೆ ಮಾತಾಡಿದ ಮನುಷ್ಯನಿಗೆ ನನ್ನ ನೆನಪೇ ಬರಲಿಲ್ಲವೇ ಎಂದು ಸಿಂಕಿನ ಮುಂದೆ ನಿಂತು ಹಲ್ಲು ಕಚ್ಚಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡೆ. ಹತ್ತು ಗಂಟೆಗೆ ಹೊಸ ತಂಡಕ್ಕೆ ಒತ್ತಿದ ಹಿಮದ ಪಾಠ ಇತ್ತು, ಹೋಗಿ ಮಾಡಿ ಬಂದೆ. ಅವರು ಮಾಪಕವನ್ನು ತಪ್ಪಾಗಿ ಓದಿದರು ಎಂದು ನಾನು ಬರೆದ ಹಾಳೆ ಕಂಪನಿಯ ಕಡತದಲ್ಲಿ ಇವತ್ತಿಗೂ ಹಾಗೆಯೇ ಇದೆ. ನಾನು ಅದನ್ನು ತಿದ್ದಿಸಿಲ್ಲ.